ಪದಚರ್ಚೆ: ‘ಸದರ್ನ್ ಮೆಟಲ್’ಗೆ ಕನ್ನಡದಲ್ಲಿ ಏನನ್ನೋಣ?

ಮಾನ್ಯರೆ,

ಅಮೆರಿಕದ ಕೊರೋಷನ್ ಆಫ್ ಕನ್ಫರ್ಮಿಟಿ ಎಂಬ ಹೆವಿ ಮೆಟಲ್ ತಂಡದ ಬಗ್ಗೆ ಒಂದು ಪರಿಚಯ ಲೇಖನ ಸಿದ್ಧವಾಗುತ್ತಿದೆ. ಕರಡಿನಲ್ಲಿ ಈ ವಾಕ್ಯವಿದೆ: “1982ರಲ್ಲಿ ಉತ್ತರ ಕ್ಯಾರೊಲೈನಾದಲ್ಲಿ ಹುಟ್ಟಿದ ಈ ದಕ್ಷಿಣ ಭಾರಲೋಹ ವಾದ್ಯವೃಂದವು ತನ್ನ ವೃತ್ತಿಜೀವನದ ಎರಡನೇ ಘಟ್ಟದಲ್ಲಿ ಕೆಳಸ್ಥಾಯಿಯ ಪಲ್ಲವಿಗಳತ್ತ ಹೊರಳಿತು.” ವ್ಯಾಕರಣ ಸರಿಯಿದೆ, ಅರ್ಥ ಮಾತ್ರ ಯಾರಿಗೂ ಆಗುತ್ತಿಲ್ಲ. ಸದರ್ನ್ ಮೆಟಲ್, ರಿಫ್ (ಹಾಡಿನಲ್ಲಿ ಮತ್ತೆ ಮತ್ತೆ ಸುತ್ತುವ ಗಿಟಾರ್ ಸ್ವರಗುಚ್ಛ), ಡೌನ್‌ಟ್ಯೂನಿಂಗ್ (ತಂತಿಗಳ ಶ್ರುತಿ ತಗ್ಗಿಸುವುದು), ಗ್ರೂವ್ (ಲಯದ ಓಟ), ಸ್ಲಡ್ಜ್ (ಮೆಟಲ್‌ನ ಒಂದು ನಿಧಾನದ, ಭಾರವಾದ ಪ್ರಕಾರ) ಇವುಗಳಲ್ಲಿ ಯಾವುದನ್ನು ಕನ್ನಡಿಸಬಹುದು, ಯಾವುದನ್ನು ಹಾಗೇ ಬಿಡಬೇಕು? ಬಲ್ಲವರು ತಿಳಿಸಬೇಕು.

*

‘ಭಾರಲೋಹ’ವನ್ನು ಮೊದಲು ಕಿತ್ತುಹಾಕಿ. ಅದು ಸೀಸ, ಪಾದರಸದ ಮಾತು. ಕೆರೆಯ ನೀರು ಪರೀಕ್ಷೆ ಮಾಡಿದ ವರದಿಯಲ್ಲಿ ಇರಬೇಕಾದದ್ದು. ಹೆವಿ ಮೆಟಲ್ ಹೆವಿ ಮೆಟಲ್ಲೇ. ‘ವಾದ್ಯವೃಂದ’ ಎಂದರೆ ಪಿಟೀಲು, ಕೊಳಲು ಹಿಡಿದು ಸಾಲಾಗಿ ಕೂತ ಆಕಾಶವಾಣಿ ಕಲಾವಿದರು ಕಣ್ಣಿಗೆ ಬರುತ್ತಾರೆ. ‘ತಂಡ’ ಸಾಕು, ‘ಬ್ಯಾಂಡ್’ ಎಂದರೂ ತಪ್ಪಿಲ್ಲ. ‘ವೃತ್ತಿಜೀವನ’ ಒಬ್ಬ ವ್ಯಕ್ತಿಗೆ ಒಪ್ಪುತ್ತದೆ. ತಂಡಕ್ಕಾದರೆ ‘ನಡೆದುಬಂದ ಹಾದಿ’ ಅನ್ನಿ, ಇಲ್ಲವೇ ಆ ಪದವೇ ಬೇಡದಂತೆ ವಾಕ್ಯ ತಿರುಗಿಸಿ.

ಇನ್ನು ದಕ್ಷಿಣ. ಬರೀ ‘ದಕ್ಷಿಣ’ ಎಂದರೆ ಕನ್ನಡ ಓದುಗರ ಮನಸ್ಸು ದಕ್ಷಿಣ ಭಾರತಕ್ಕೇ ಹೋಗುತ್ತದೆ. ಅದರ ಮೇಲೆ ‘ಉತ್ತರ’ ಕ್ಯಾರೊಲೈನಾದ ‘ದಕ್ಷಿಣ’ ತಂಡ ಎಂದರೆ ಪೂರ್ತಿ ಗೊಂದಲ. ನಾರ್ತ್ ಕ್ಯಾರೊಲೈನಾ ಎಂಬುದು ರಾಜ್ಯದ ಹೆಸರು, ಆ ರಾಜ್ಯ ಇರುವುದು ಅಮೆರಿಕನ್ನರು ‘ಸೌತ್’ ಎನ್ನುವ ಪ್ರದೇಶದಲ್ಲಿ. 1861ರಿಂದ 65ರವರೆಗಿನ ಅಂತರ್ಯುದ್ಧದಲ್ಲಿ ಒಕ್ಕೂಟದಿಂದ ಸಿಡಿದು ನಿಂತ 11 ರಾಜ್ಯಗಳಲ್ಲಿ ಅದೂ ಒಂದು. ಆದ್ದರಿಂದ ರಾಜ್ಯದ ಹೆಸರನ್ನು ಭಾಷಾಂತರಿಸದೆ ನಾರ್ತ್ ಕ್ಯಾರೊಲೈನಾ ಎಂದೇ ಬಿಟ್ಟು, ಪ್ರದೇಶವನ್ನು ‘ಅಮೆರಿಕದ ದಕ್ಷಿಣದ ರಾಜ್ಯಗಳು’ ಎಂದು ಬಿಡಿಸಿ ಬರೆಯಿರಿ. ‘ಸೀಮೆ’ ಚೆಂದದ ಪದ, ಧಾರವಾಡ ಸೀಮೆ ಎಂದ ಹಾಗೆ. ಆದರೆ ‘ಅಮೆರಿಕದ ದಕ್ಷಿಣ ಸೀಮೆ’ ಅಂದರೆ ಕೆಲವರಿಗೆ ಸೀಮೆಎಣ್ಣೆಯ ವಾಸನೆ ಬಂದೀತು.

ಪ್ರಕಾರದ ಹೆಸರು ‘ಸದರ್ನ್ ಮೆಟಲ್’ ಎಂದೇ ಇರಲಿ. ಮೊದಲ ಸಲ ಬಂದಾಗ ‘ಅಮೆರಿಕದ ದಕ್ಷಿಣದ ಸೊಗಡಿನ ಹೆವಿ ಮೆಟಲ್’ ಎಂದು ವಿವರಿಸಿ. ಇಲ್ಲಿ ‘ಸೊಗಡು’ ಬಿಟ್ಟು ಬೇರೆ ಪದ ಹುಡುಕಬೇಡಿ. ‘ಶೈಲಿ’ ಎಂದರೆ ಸಾಲದು, ಏಕೆಂದರೆ ಇದರಲ್ಲಿ ಮೆಟಲ್‌ನ ಚೌಕಟ್ಟು ಬದಲಾಗುವುದಿಲ್ಲ. ಅದರೊಳಕ್ಕೆ ಬ್ಲೂಸ್ ಮತ್ತು ಸದರ್ನ್ ರಾಕ್ ಇಳಿದು ಬರುತ್ತವೆ: ತಂತಿಯನ್ನು ಎಳೆದು ಸ್ವರ ಬಾಗಿಸುವುದು, ಗಂಟಲಲ್ಲಿ ಕಿರುಚದೆ ಎಳೆದೆಳೆದು ಹಾಡುವುದು, ಎರಡು ಗಿಟಾರ್ ಒಟ್ಟಿಗೆ ಒಂದು ಗಾಂಧಾರದಷ್ಟು ಅಂತರದಲ್ಲಿ ಒಂದೇ ರಾಗರೇಖೆ ನುಡಿಸುವುದು. ಈ ಕೊನೆಯದನ್ನು ‘ಜುಗಲ್‌ಬಂದಿ’ ಎಂದು ಬರೆಯುವವರಿದ್ದಾರೆ. ಜುಗಲ್‌ಬಂದಿಯಲ್ಲಿ ಮನೋಧರ್ಮಕ್ಕೆ, ಸವಾಲ್ ಜವಾಬಿಗೆ ಜಾಗವಿದೆ. ಇದರಲ್ಲಿ ಪ್ರತಿ ಸ್ವರವೂ ಮೊದಲೇ ಗೊತ್ತಾಗಿರುತ್ತದೆ. ‘ಜೋಡಿ ಲೀಡ್’ ಎನ್ನಿ.

ಒಂದು ಎಚ್ಚರಿಕೆ. ಅಮೆರಿಕದಲ್ಲಿ ‘ಸದರ್ನ್’ ಎಂಬ ಪದದ ಹಿಂದೆ ಗುಲಾಮಗಿರಿಯ ಇತಿಹಾಸವೂ ಆ ಅಂತರ್ಯುದ್ಧದ ಬಾವುಟದ ಜಗಳವೂ ಇವೆ. ಯಾವುದಾದರೂ ತಂಡದ ‘ಸದರ್ನ್ ಪ್ರೈಡ್’ ಅನ್ನು ‘ನಾಡಾಭಿಮಾನ’ ಎಂದು ಅನುವಾದಿಸಿದರೆ ನಮ್ಮ ಓದುಗರು ರಾಜ್ಯೋತ್ಸವ ಎಂದುಕೊಳ್ಳುತ್ತಾರೆ.

ಲೇಖನದ ಕಥಾಭಾಗದಲ್ಲೂ ಪದಗಳು ಕಾಲಕ್ಕೆ ತಕ್ಕಂತೆ ಬದಲಾಗಬೇಕು. ಈ ತಂಡವನ್ನು 1982ರಿಂದಲೇ ಸದರ್ನ್ ಮೆಟಲ್ ಎನ್ನಲಾಗದು. ಮೈಕ್ ಡೀನ್, ವುಡಿ ವೆದರ್‌ಮನ್, ರೀಡ್ ಮಲಿನ್ ರಾಲೀ ನಗರದಲ್ಲಿ ಕಟ್ಟಿದ್ದು ಹಾರ್ಡ್‌ಕೋರ್ ಪಂಕ್ (ವೇಗದ, ಒರಟು ರಾಕ್) ತಂಡ. 1985ರ ಎರಡನೇ ಆಲ್ಬಂ ‘ಅನಿಮಾಸಿಟಿ’ಯ ಹೊತ್ತಿಗೆ ಪಂಕ್‌ಗೆ ಮೆಟಲ್‌ನ ವೇಗದ ಬಗೆಯಾದ ಥ್ರ್ಯಾಶ್ ಮೆಟಲ್ ಸೇರಿತು. ಅದಕ್ಕೆ ‘ಕ್ರಾಸ್‌ಓವರ್’ ಎನ್ನುತ್ತಾರೆ. ದಯವಿಟ್ಟು ‘ಬೆರಕೆ’ ಅನ್ನಬೇಡಿ, ಓದುಗರ ಕಿವಿಯಲ್ಲಿ ಅದು ‘ಕಲಬೆರಕೆ’ ಆಗುತ್ತದೆ. 1989ರಲ್ಲಿ ನ್ಯೂ ಆರ್ಲಿಯನ್ಸ್‌ನ ಪೆಪರ್ ಕೀನನ್ ಎರಡನೇ ಗಿಟಾರ್‌ಗೆ ಬಂದರು. 1991ರ ಆಲ್ಬಂ ‘ಬ್ಲೈಂಡ್’ನಲ್ಲಿ ಗಾಯಕ ಕಾರ್ಲ್ ಏಜೆಲ್. ಕೀನನ್ ಹಾಡಿದ್ದು ‘ವೋಟ್ ವಿತ್ ಎ ಬುಲೆಟ್’ ಒಂದನ್ನು ಮಾತ್ರ. ಏಜೆಲ್ ಹೋದ ಮೇಲೆ ಗಾಯಕರಾದವರು ಕೀನನ್ನೇ. ಹಾಗೆ ಬಂದದ್ದು 1994ರ ‘ಡೆಲಿವರೆನ್ಸ್’. ದಕ್ಷಿಣದ ಸೊಗಡು ಎಂಬ ಮಾತು ಪೂರ್ತಿ ಅನ್ವಯಿಸುವುದು ಇಲ್ಲಿಂದ ಮುಂದೆ. 1996ರ ‘ವೈಸ್‌ಬ್ಲಡ್’ನ ಒಂದು ಹಾಡಿಗೆ ಜೇಮ್ಸ್ ಹೆಟ್‌ಫೀಲ್ಡ್ ದನಿ ಸೇರಿಸಿದ್ದಾರೆ. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ ಮೆಟಾಲಿಕಾದವರು ಎಂದರೆ ನಮ್ಮವರಿಗೆ ಗುರುತು ಸಿಗುತ್ತದೆ.

‘ಆಲ್ಬಂ’ಗೆ ‘ಧ್ವನಿಸುರುಳಿ’ ಬೇಡ. ಸುರುಳಿ ಎಂದರೆ ಟೇಪು. 1984ರ ಮೊದಲ ಆಲ್ಬಂ ‘ಐ ಫಾರ್ ಆ್ಯನ್ ಐ’ಗೆ ಹೇಗೋ ನಡೆದೀತು, 2018ರ ‘ನೋ ಕ್ರಾಸ್ ನೋ ಕ್ರೌನ್’ಗೆ ಅದನ್ನು ಹಚ್ಚಿದರೆ ನಗೆಪಾಟಲು.

*

ಮೇಲಿನವರು ಶ್ರುತಿಯ ವಿಷಯ ಮುಟ್ಟಲಿಲ್ಲ. ಅಲ್ಲಿ ಕರಡು ದೊಡ್ಡ ತಪ್ಪು ಮಾಡಿದೆ.

‘ಕೆಳಸ್ಥಾಯಿ’ ಎಂದರೆ ಮಂದ್ರ, ಅಂದರೆ ಪೂರ್ತಿ ಒಂದು ಸ್ಥಾಯಿ ಕೆಳಗೆ, ಗಿಟಾರ್ ಲೆಕ್ಕದಲ್ಲಿ 12 ಫ್ರೆಟ್ (ಮೆಟ್ಟು). ಡೌನ್‌ಟ್ಯೂನಿಂಗ್‌ನಲ್ಲಿ ಇಳಿಸುವುದು ಸಾಮಾನ್ಯವಾಗಿ ಎರಡರಿಂದ ಐದು ಫ್ರೆಟ್‌ನಷ್ಟು. ಇದಕ್ಕೆ ‘ಶ್ರುತಿ ಇಳಿಸು’ ಎಂಬ ಮಾತು ನಮ್ಮಲ್ಲಿ ಸಿದ್ಧವಾಗಿಯೇ ಇದೆ. ಹಾಡುಗಾರರು ದಿನಾ ಆಡುವ ಮಾತು. ‘ಮೂರು ಫ್ರೆಟ್ ಶ್ರುತಿ ಇಳಿಸಿದ ಗಿಟಾರ್’ ಎಂದರೆ ವೀಣೆಯ ಮೆಟ್ಟು ಬಲ್ಲವರಿಗೂ ಅರ್ಥವಾಗುತ್ತದೆ. ‘ಕೆಳದನಿ’ಯೂ ಬೇಡ, ಅದು ಮೆಲ್ಲಗೆ ನುಡಿಸಿದಂತೆ. ಈ ಸಂಗೀತ ಮೆಲ್ಲಗಂತೂ ಇಲ್ಲ.

ಎರಡು ಬಗೆ ಕಲಸದಿರಲಿ. ಆರೂ ತಂತಿಗಳನ್ನು ಸಮನಾಗಿ ಇಳಿಸುವುದು ಒಂದು. ದಪ್ಪ ತಂತಿಯೊಂದನ್ನೇ ಎರಡು ಫ್ರೆಟ್ ಇಳಿಸುವುದು ಇನ್ನೊಂದು, ಅದೇ ‘ಡ್ರಾಪ್ ಡಿ’. ಹೀಗೆ ಮಾಡಿದರೆ ದಪ್ಪನೆಯ ಮೂರು ತಂತಿಗಳ ಮೇಲೆ ಒಂದೇ ಬೆರಳು ಅಡ್ಡ ಇಟ್ಟು ಪವರ್ ಕಾರ್ಡ್ (ಷಡ್ಜ, ಪಂಚಮ ಒಟ್ಟಿಗೆ) ನುಡಿಸಬಹುದು. ಎರಡಕ್ಕೂ ‘ಶ್ರುತಿ ಇಳಿಕೆ’ ಎಂದು ಬರೆದರೆ ಗಿಟಾರ್ ಹಿಡಿದವರು ದಾರಿ ತಪ್ಪುತ್ತಾರೆ.

ಶ್ರುತಿ ಏಕೆ ಇಳಿಸುತ್ತಾರೆ ಎಂಬುದನ್ನೂ ಒಂದು ಸಾಲಿನಲ್ಲಿ ಹೇಳುವುದು ಒಳ್ಳೆಯದು. ಬ್ರಿಟನ್ನಿನ ಹೆವಿ ಮೆಟಲ್ ತಂಡ ಬ್ಲ್ಯಾಕ್ ಸಬಾತ್‌ನ ಗಿಟಾರ್ ವಾದಕ ಟೋನಿ ಅಯೋಮಿ ಕಾರ್ಖಾನೆಯ ಅಪಘಾತದಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡಿದ್ದರು. ಎಡಗೈಯವರಾದ್ದರಿಂದ ತಂತಿ ಒತ್ತುವ ಕೈಯೇ ಅದು. ತಂತಿ ಸಡಿಲವಾದರೆ ಒತ್ತುವುದು, ಎಳೆಯುವುದು ಸುಲಭ. 1971ರ ಆಲ್ಬಂ ‘ಮಾಸ್ಟರ್ ಆಫ್ ರಿಯಾಲಿಟಿ’ಯ ಕೆಲವು ಹಾಡುಗಳಿಗೆ ಅವರು ಮೂರು ಫ್ರೆಟ್ ಇಳಿಸಿದರು. ಸದರ್ನ್ ಮೆಟಲ್‌ನವರು ಬಹುತೇಕ ಆ ಮರದ ಕೊಂಬೆಗಳು.

ಮೂರು ಫ್ರೆಟ್ ಇಳಿಸಿದರೆ ದಪ್ಪ ತಂತಿಯ ಕಂಪನ ಸೆಕೆಂಡಿಗೆ 82.4ರಿಂದ 69.3ಕ್ಕೆ ಬರುತ್ತದೆ. ಬಿಗಿತ ಇಳಿಯುವುದು ಕಂಪನಸಂಖ್ಯೆಯ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ. ಹಾಗಾಗಿ ಅದೇ ತಂತಿಯಲ್ಲಿ ಬಿಗಿತ ಸುಮಾರು 29% ಕಡಿಮೆಯಾಗುತ್ತದೆ. ತಂತಿ ಫ್ರೆಟ್‌ಗೆ ತಾಗಿ ಜರ್ ಎನ್ನುತ್ತದೆ. ಬಿಟ್ಟ ತಂತಿಯಲ್ಲಿ ಶ್ರುತಿ ಸರಿಯಿದ್ದರೂ ಒತ್ತಿದಾಗ ಸ್ವರ ಏರುತ್ತದೆ. ಅದಕ್ಕೆ 10–46 ತಂತಿ ಸೆಟ್ ತೆಗೆದು ಇನ್ನೂ ದಪ್ಪನೆಯ 12–54 ಹಾಕುತ್ತಾರೆ (ಇವು ಅತಿ ತೆಳು, ಅತಿ ದಪ್ಪ ತಂತಿಗಳ ಅಳತೆ, ಇಂಚಿನ ಸಾವಿರದ ಪಾಲಿನಲ್ಲಿ), ಹಳೆಯ ಬಿಗಿತ ಹೆಚ್ಚುಕಡಿಮೆ ವಾಪಸು ಬರುತ್ತದೆ. ದಪ್ಪ ತಂತಿ ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಚ್ಚಿನಲ್ಲಿ ಸಿಕ್ಕಿಕೊಂಡರೆ ಆ ಕಚ್ಚನ್ನು ಅರದಿಂದ ಉಜ್ಜಿ ಅಗಲಿಸಬೇಕು. 12ನೇ ಫ್ರೆಟ್‌ನಲ್ಲಿ ಸ್ವರ ಇನ್ನೂ ಏರುತ್ತಿದ್ದರೆ ಸ್ಯಾಡಲ್ (ಇನ್ನೊಂದು ತುದಿಯಲ್ಲಿ ತಂತಿ ಕೂರುವ ತುಣುಕು) ಅನ್ನು ಹಿಂದಕ್ಕೆ ಸರಿಸಬೇಕು. ನಟ್, ಸ್ಯಾಡಲ್, ಫ್ರೆಟ್ ಇವುಗಳಿಗೆ ಕನ್ನಡ ಪದ ಕಟ್ಟಲು ಹೋಗಬೇಡಿ. ಯಾವ ಗಿಟಾರ್ ಅಂಗಡಿಯಲ್ಲೂ ಅರ್ಥವಾಗುವುದಿಲ್ಲ.

‘ಗ್ರೂವ್’ಗೆ ಸಂದರ್ಭ ನೋಡಿ ‘ನಡೆ’ ಬಳಸಬಹುದು. ಬ್ಲೂಸ್‌ನಲ್ಲಿ ಬರುವ ಷಫಲ್ ಎಂಬ ಲಯ ತಿಸ್ರ ನಡೆಯೇ: ಒಂದು ಪೆಟ್ಟನ್ನು ಮೂರು ಪಾಲು ಮಾಡಿ, ಮೊದಲ ಸ್ವರಕ್ಕೆ ಎರಡು ಪಾಲು, ಎರಡನೆಯದಕ್ಕೆ ಒಂದು ಪಾಲು. ‘ತಿಸ್ರ ನಡೆಯ ಓಲಾಟ’ ಎಂದರೆ ಮೃದಂಗದವರು ಕೂಡಲೇ ಹಿಡಿಯುತ್ತಾರೆ. ಆದರೆ ಪ್ರಕಾರದ ಹೆಸರಾದ ‘ಗ್ರೂವ್ ಮೆಟಲ್’ ಹಾಗೇ ಇರಲಿ.

*

ಇಬ್ಬರಿಗೂ ಧನ್ಯವಾದ. ರಿಫ್ ಮತ್ತು ಸ್ಲಡ್ಜ್ ಉಳಿದವು. ರಿಫ್‌ಗೆ ತಬಲಾ ಸೋಲೋದ ‘ಲೆಹರಾ’ ಆಗಬಹುದೇ?

*

ಲೆಹರಾ ಹತ್ತಿರ ಬರುತ್ತದೆ. ಚಿಕ್ಕ ಸ್ವರಗುಚ್ಛವೊಂದು ಆವರ್ತನವಾಗಿ ಸುತ್ತುವುದು ಎರಡರಲ್ಲೂ ಇದೆ. ಆದರೆ ಲೆಹರಾದ ಕೆಲಸ ತಬಲೆಗೆ ತಾಳದ ಗುರುತು ಕೊಡುವುದು, ಗಮನವೆಲ್ಲ ತಬಲೆಯ ಮೇಲೆ. ಇಲ್ಲಿ ರಿಫ್ಫೇ ಹಾಡಿನ ಬೆನ್ನೆಲುಬು. ಪಲ್ಲವಿ ಸಾಹಿತ್ಯದ ಭಾಗ, ಅದೂ ಅಲ್ಲ. ರಿಫ್ ಎಂದೇ ಬರೆಯಿರಿ, ಬಹುವಚನ ‘ರಿಫ್‌ಗಳು’.

ಸ್ಲಡ್ಜ್ ಎಂದರೆ ಬಗ್ಗಡ, ಹೂಳು. ‘ಕೆಸರು ಮೆಟಲ್’ ಎಂದರೆ ರಾಜಕಾರಣಿಗಳ ಕೆಸರೆರಚಾಟ ನೆನಪಾಗುತ್ತದೆ, ಬೇಡ. ಅದು ಸದರ್ನ್ ಮೆಟಲ್‌ನ ಪರ್ಯಾಯ ಪದವೂ ಅಲ್ಲ. ಸ್ಲಡ್ಜ್ ತಂಡಗಳಾದ ಐಹೇಟ್‌ಗಾಡ್, ಕ್ರೋಬಾರ್ ದಕ್ಷಿಣದ ನ್ಯೂ ಆರ್ಲಿಯನ್ಸ್‌ನವರು ನಿಜ. ಆದರೆ ಆ ದಾರಿಗೆ ಮೊದಲು ಕಾಲಿಟ್ಟ ಮೆಲ್ವಿನ್ಸ್ ದೇಶದ ಇನ್ನೊಂದು ಮೂಲೆಯ ವಾಷಿಂಗ್ಟನ್ ರಾಜ್ಯದವರು. ಗೊಂದಲ ಹುಟ್ಟುವುದು ‘ಡೌನ್’ ತಂಡದಿಂದ: ಕೀನನ್, ಪ್ಯಾಂಟೆರಾದ ಫಿಲ್ ಆನ್ಸೆಲ್ಮೊ, ಕ್ರೋಬಾರ್‌ನ ಕರ್ಕ್ ವಿಂಡ್‌ಸ್ಟೀನ್, ಐಹೇಟ್‌ಗಾಡ್‌ನ ಜಿಮ್ಮಿ ಬೋವರ್ ಸೇರಿ 1995ರಲ್ಲಿ ‘ನೋಲಾ’ ಆಲ್ಬಂ ತಂದರು. ಅಲ್ಲಿ ಸ್ಲಡ್ಜ್, ಸದರ್ನ್ ಮೆಟಲ್ ಎರಡೂ ಧಾರೆ ಕೂಡಿವೆ.

ಕರಡಿನ ವಾಕ್ಯವನ್ನು ಹೀಗೆ ತಿದ್ದಬಹುದು: “1982ರಲ್ಲಿ ನಾರ್ತ್ ಕ್ಯಾರೊಲೈನಾದ ರಾಲೀಯಲ್ಲಿ ಪಂಕ್ ತಂಡವಾಗಿ ಹುಟ್ಟಿದ ಕೊರೋಷನ್ ಆಫ್ ಕನ್ಫರ್ಮಿಟಿ, 1994ರ ಹೊತ್ತಿಗೆ ಶ್ರುತಿ ಇಳಿಸಿದ ಗಿಟಾರ್‌ಗಳ ಭಾರವಾದ ರಿಫ್‌ಗಳಿಗೂ ಅಮೆರಿಕದ ದಕ್ಷಿಣದ ರಾಜ್ಯಗಳ ಸೊಗಡಿಗೂ ಹೊರಳಿತ್ತು.” ಕೀನನ್ ಇಲ್ಲದೆ ಮೂಲ ಮೂವರೇ 2010ರಲ್ಲಿ ಮತ್ತೆ ಸೇರಿದ್ದನ್ನು ‘ಪುನರ್ಜನ್ಮ’ ಅನ್ನದೆ ‘ಮತ್ತೆ ಒಂದಾದರು’ ಎಂದಷ್ಟೇ ಬರೆಯಿರಿ. ಅದಕ್ಕೆ ಮುಂಚಿನ ಬಿಡುವಿಗೆ ‘ವಿಸರ್ಜನೆ’ಯೂ ಬೇಡ, ತಂಡ ಒಡೆದಿರಲಿಲ್ಲ. ಹೆಸರುಗಳ ಉಚ್ಚಾರ: ‘ರಾಲೈ’ ಅಲ್ಲ, ರಾಲೀ. ಸದರ್ನ್ ರಾಕ್‌ನ ಉಲ್ಲೇಖ ಬಂದರೆ ‘ಲಿನೈರ್ಡ್ ಸ್ಕೈನೈರ್ಡ್’ ಅಲ್ಲ, ಲೆನರ್ಡ್ ಸ್ಕಿನರ್ಡ್. ಆ ತಂಡದವರೇ 1973ರ ಮೊದಲ ಆಲ್ಬಂನ ಹೆಸರಿನಲ್ಲಿ ಉಚ್ಚಾರ ಅಚ್ಚು ಹಾಕಿಸಿದ್ದಾರೆ.