ಅಗ್ಗದ ಡಬ್ಬದಲ್ಲಿ ಹಳೇ ಬ್ರಿಟಿಷ್ ಪೆನ್ನಿ: ಯಾವುದನ್ನ ಎತ್ತಬೇಕು, ಯಾವುದನ್ನ ಬಿಡಬೇಕು?

ಹೊಸಕಾಸು:
ಎಲ್ಲರಿಗೂ ನಮಸ್ಕಾರ. ಲೆಸ್ಟರ್‌ನ ಒಂದು ನಾಣ್ಯದಂಗಡಿಯಲ್ಲಿ ಹಳೇ ಪೆನ್ನಿಗಳ ಡಬ್ಬ ಇದೆ, ಯಾವುದನ್ನ ತೆಗೆದರೂ ಒಂದಕ್ಕೆ 50 ಪೆನ್ಸ್. ಐದಾರು ಕಿಲೋ ಇರಬಹುದು. ವಿಕ್ಟೋರಿಯಾಳಿಂದ ಎಲಿಜಬೆತ್‌ವರೆಗೆ ಎಲ್ಲಾ ಕಲಸುಮೇಲೋಗರ. ಶನಿವಾರ ಒಂದು ಗಂಟೆ ಕೂತು ನೋಡಬಹುದು ಅಂದಿದ್ದಾರೆ. ಅಷ್ಟು ಹೊತ್ತಲ್ಲಿ ಯಾವ ಇಸವಿಗಳ ಮೇಲೆ ಕಣ್ಣಿಡಬೇಕು? ಕೆಲವದರ ಮೇಲೆ ಹಸಿರು ಕಟ್ಟಿದೆ, ಅವನ್ನ ಕೊಳ್ಳಬಹುದಾ? ಹುಣಸೆಹಣ್ಣು ಹಾಕಿ ತೊಳೆದರೆ ಹೋಗುತ್ತಾ? ಆರಿಸಿದ್ದನ್ನ ಆಮೇಲೆ ಉಡುಪಿಯ ಮನೆಯಲ್ಲಿ ಇಡೋ ಯೋಚನೆ.

ಕಂಚಿನಗಿಂಡಿ:
ಹುಣಸೆಹಣ್ಣು ಬೇಡ ಸ್ವಾಮಿ, ಅದು ದೇವರ ಪಾತ್ರೆಗೇ ಇರಲಿ. ಅದರ ವಿಷಯ ಬೇರೆಯವರು ಹೇಳ್ತಾರೆ. ನಾನು ಹುಡುಕೋದರ ಬಗ್ಗೆ ಹೇಳ್ತೀನಿ.

1860ರಿಂದ ಈಚಿನ ಪೆನ್ನಿ ಕಂಚಿನದು, ತೂಕ 9.45 ಗ್ರಾಂ. ಅಂದರೆ ಕಿಲೋಗೆ 106ರ ಆಸುಪಾಸು, ಸವೆದಿದ್ದರೆ ಒಂದೆರಡು ಜಾಸ್ತಿ. ಆರು ಕಿಲೋ ಅಂದರೆ ಆರುನೂರು ಚಿಲ್ಲರೆ. ಒಂದು ಗಂಟೆಯಲ್ಲಿ ಒಂದೊಂದಕ್ಕೆ ಆರು ಸೆಕೆಂಡೂ ಸಿಗಲ್ಲ. ಹಾಗಾಗಿ ಎರಡು ಸುತ್ತು ಮಾಡಿ. ಮೊದಲ ಸುತ್ತಲ್ಲಿ ಇಸವಿ ನೋಡಿ ಬದಿಗೆ ಹಾಕೋದಷ್ಟೇ, ಭೂತಕನ್ನಡಿ ಮುಟ್ಟಲೇಬೇಡಿ. ಎರಡನೇ ಸುತ್ತಲ್ಲಿ ಬದಿಗಿಟ್ಟದ್ದನ್ನ ಮಾತ್ರ 10 ಪಟ್ಟು ದೊಡ್ಡದಾಗಿ ತೋರಿಸೋ ಲೂಪ್‌ನಲ್ಲಿ (ಪುಟ್ಟ ಭೂತಕನ್ನಡಿ) ನೋಡಿ.

1933 ಸಿಗುತ್ತೆ ಅನ್ನೋ ಆಸೆ ಬಿಡಿ, ಅಚ್ಚಾದದ್ದೇ ಬೆರಳೆಣಿಕೆಯಷ್ಟು. 1950 (2,40,000) ಮತ್ತು 1951 (1,20,000) ಕೂಡ ಸಿಗೋದು ಕಷ್ಟ. ಡಬ್ಬಕ್ಕೆ ಸುರಿಯೋ ಮುಂಚೆ ಅಂಗಡಿಯವರು ಇಸವಿ ನೋಡಿಯೇ ನೋಡಿರ್ತಾರೆ. ಅವರ ಕಣ್ಣು ತಪ್ಪಿಸಿಕೊಳ್ಳೋದು ಇಸವಿ ಸಾಧಾರಣವಾಗಿದ್ದು, ಪುಟ್ಟ ಅಕ್ಷರವೋ ಚಿತ್ರವೋ ಬೇರೆ ಇರೋವು. ನಿಮ್ಮ ಬೇಟೆ ಅವೇ.

ಬದಿಗೆ ಹಾಕಬೇಕಾದವು: 1895, 1902, 1912, 1918, 1919, 1926. ವಿಕ್ಟೋರಿಯಾ ಜಡೆ ಸುತ್ತಿ ತುರುಬು ಕಟ್ಟಿರೋ 1860–94ರವನ್ನ ಎಲ್ಲಾ ಬದಿಗಿಡಿ.

1912, 1918, 1919ರಲ್ಲಿ ಇಸವಿಯ ಎಡಗಡೆ ನೋಡಿ. ಅಲ್ಲಿ ಸಾಸಿವೆಯಷ್ಟು ಎಚ್ ಇದ್ದರೆ ಅದು ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲೆಯದು. ಕೆ.ಎನ್. ಇದ್ದರೆ ಕಿಂಗ್ಸ್ ನಾರ್ಟನ್ ಟಂಕಸಾಲೆಯದು, ಅದು 1918 ಮತ್ತು 1919ರಲ್ಲಿ ಮಾತ್ರ. 1912ರ ಎಚ್ ಬೇಕಾದಷ್ಟು ಸಿಗುತ್ತೆ. 1918, 1919ರ ಎಚ್ ಒಳ್ಳೇದು, ಕೆ.ಎನ್. ಅದಕ್ಕಿಂತ ಒಳ್ಳೇದು. ಸವೆದಿದ್ದರೂ 50 ಪೆನ್ಸಿಗೆ ಬಿಡಬಾರದು. ಮೇಲಿನಿಂದ ಬೆಳಕು ಬಿದ್ದರೆ ಈ ಅಕ್ಷರ ಕಾಣಲ್ಲ. ಮೊಬೈಲ್ ಟಾರ್ಚನ್ನ ನಾಣ್ಯದ ಅಂಚಿಗೆ ಸಮವಾಗಿ, ಪಕ್ಕದಿಂದ ಹಾಯಿಸಿ. ನೆರಳು ಬಿದ್ದು ಅಕ್ಷರ ಎದ್ದು ಬರುತ್ತೆ.

1902ರಲ್ಲಿ ಕಡಲಿನ ಗೆರೆ ನೋಡಿ. ಸಾಮಾನ್ಯವಾದದ್ದರಲ್ಲಿ ಅದು ಬ್ರಿಟಾನಿಯಾಳ (ನಾಣ್ಯದ ಹಿಂಬದಿಯಲ್ಲಿ ತ್ರಿಶೂಲ ಹಿಡಿದು ಕೂತಿರೋ ಹೆಂಗಸು) ಕಾಲುಗಳು ಒಂದನ್ನೊಂದು ದಾಟೋ ಮಟ್ಟದಲ್ಲಿರುತ್ತೆ. ಅದಕ್ಕಿಂತ ಕೆಳಗೆ, ಉಡುಪಿನ ಅಂಚಿನ ಕಡೆಗಿದ್ದರೆ ಅದೇ 'ಲೋ ಟೈಡ್'. ನೀರು ಇಳಿದಷ್ಟೂ ಬೆಲೆ ಏರುತ್ತೆ ಅಂತ ನೆನಪಿಟ್ಟುಕೊಳ್ಳಿ. 1895ರಲ್ಲಿ ತ್ರಿಶೂಲಕ್ಕೂ 'ಪೆನ್ನಿ' ಪದದ ಮೊದಲ ಅಕ್ಷರಕ್ಕೂ ನಡುವಿನ ಸಂದು ನೋಡಿ. 1 ಮಿ.ಮೀ. ಇದ್ದರೆ ಸಾಮಾನ್ಯ, 2 ಮಿ.ಮೀ. ಇದ್ದರೆ ಅಪರೂಪ. ಕಣ್ಣಂದಾಜು ಮೋಸ ಮಾಡುತ್ತೆ, ಎರಡು 1895ನ್ನ ಪಕ್ಕಪಕ್ಕ ಇಟ್ಟು ನೋಡಿ.

1926ಕ್ಕೆ ರಾಜ ಐದನೇ ಜಾರ್ಜ್‌ನ ಕತ್ತಿನ ಕೆಳಗಂಚಿನಲ್ಲಿ ಶಿಲ್ಪಿ ಮೆಕೆನಾಲ್‌ನ ಇನಿಷಿಯಲ್ ಬಿ.ಎಂ. ಇದೆ. ಚುಕ್ಕಿಗಳ ಸಮೇತ ಅಂಚಿನ ನಡುವಿಗಿದ್ದರೆ ಮಾಮೂಲಿ. ಚುಕ್ಕಿಯಿಲ್ಲದೆ ಕತ್ತಿನ ಹಿಂಬದಿಗೆ ಸರಿದಿದ್ದರೆ ರಾಜನ ಮುಖದ ಚಿತ್ರವನ್ನ ತಿದ್ದಿ ಹೊಡೆದದ್ದು, ಕಣ್ಣುಮುಚ್ಚಿ ಕೊಂಡುಕೊಳ್ಳಿ.

ಎಲಿಜಬೆತ್‌ಳ 1961–67ರವನ್ನ ನೋಡೋದೇ ಬೇಡ. 1967ರ ಇಸವಿ ಹಾಕಿಯೇ 1970ರವರೆಗೂ ಹೊಡೆದರು, ಅದೊಂದೇ 65 ಕೋಟಿ ಮೀರಿದೆ. 1953 ಕಂಡರೆ ಎತ್ತಿಕೊಳ್ಳಿ, 13 ಲಕ್ಷದಷ್ಟೇ ಇದ್ದದ್ದು.

ತುರುಬಿನರಾಣಿ:
ಗಿಂಡಿಯವರ ಪಟ್ಟಿ ಸರಿಯಿದೆ. ಆದರೆ ವಿಕ್ಟೋರಿಯಾಳನ್ನ ಒಂದೇ ಸಾಲಲ್ಲಿ ಮುಗಿಸಿಬಿಟ್ಟರು, ಅದಕ್ಕೆ ನನ್ನ ತಕರಾರು. ಇಂಥ ಡಬ್ಬಗಳಲ್ಲಿ ಇಸವಿಯೇ ಅಳಿಸಿದಂತಿರೋ ಕಪ್ಪು ಬಿಲ್ಲೆಗಳನ್ನ ಅಂಗಡಿಯವರೂ ಸರಿಯಾಗಿ ನೋಡಿರಲ್ಲ. 1869, 1871 ಇಂದಿಗೂ ಸಿಗೋದು ಅಲ್ಲೇ. ಕೊನೇ ಅಂಕಿ ಓದಲಾಗದ 186- ಮತ್ತು 187-ಗಳನ್ನ ಓರೆ ಬೆಳಕಲ್ಲಿ ಇನ್ನೊಮ್ಮೆ ತಿರುಗಿಸಿ ನೋಡಿ.

ಈ ಕಾಲದ ಎಚ್ ಇರೋದು ಇಸವಿಯ ಕೆಳಗೆ, ಎಡಕ್ಕಲ್ಲ. 1874, 1875, 1876, 1881, 1882ರಲ್ಲಿ ಬರುತ್ತೆ. ಇವುಗಳಲ್ಲಿ 1875ರ ಎಚ್ ಕಷ್ಟದ್ದು. 1882ಕ್ಕೆ ಲೆಕ್ಕ ಉಲ್ಟಾ: ಎಚ್ ಇರೋದೇ ಮಾಮೂಲಿ, ಇಲ್ಲದ್ದು ತೀರಾ ಅಪರೂಪ. ಹಾಗಂತ ಎಚ್ ಕಾಣಲಿಲ್ಲ ಅಂದ ತಕ್ಷಣ ಕುಣಿಬೇಡಿ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ಸವೆದಿರುತ್ತೆ, ಇಲ್ಲಾ ಯಾರೋ ಉಜ್ಜಿ ತೆಗೆದಿರ್ತಾರೆ.

1860ರದ್ದರ ಅಂಚಲ್ಲಿ ಮಣಿಸಾಲು ಇದ್ದರೆ ತಗೊಳ್ಳಿ, ಗರಗಸದ ಹಲ್ಲಿನಂತಿದ್ದರೆ ಮಾಮೂಲಿ. 1863ರ ಇಸವಿಯ ಕೆಳಗೆ ಪುಟ್ಟ ಅಂಕಿಯೊಂದು ಕಂಡರೆ ಮಾತಾಡದೆ ದುಡ್ಡು ಕೊಟ್ಟು ಹೊರಡಿ.

ಇನ್ನೊಂದು ವಿಷಯ: ಐದನೇ ಜಾರ್ಜ್‌ನ ಪೆನ್ನಿಯಲ್ಲಿ ಬ್ರಿಟಾನಿಯಾ ಮಂಕಾಗಿದ್ದರೆ ಸವೆದಿದೆ ಅಂತ ಎಸೆಯಬೇಡಿ. ರಾಜನ ತಲೆ ತೀರಾ ದೊಡ್ಡದು. ಅಚ್ಚೊತ್ತುವಾಗ ಲೋಹ ಆ ಕಡೆಗೇ ಹರಿದು ಹಿಂಬದಿ ಹೊಸದರಲ್ಲೇ ಮಸುಕಾಗ್ತಿತ್ತು. 1928ರಲ್ಲಿ ತಲೆಯನ್ನ ಚಿಕ್ಕದು ಮಾಡಿದ ಮೇಲೇ ಅದು ಸರಿಹೋದದ್ದು. ಅಲ್ಲಿವರೆಗಿನವಕ್ಕೆ ಸವೆತ ಅಳೆಯೋದು ರಾಜನ ಕಿವಿ, ಗಡ್ಡ ನೋಡಿ.

ಕಿಲುಬುವೈರಿ:
ಹಸಿರಿನ ವಿಷಯ. ಮೂರು ಥರ ಇರುತ್ತೆ. ಗಟ್ಟಿಯಾಗಿ, ನುಣ್ಣಗೆ, ಕಡುಹಸಿರಾಗಿ ನಾಣ್ಯಕ್ಕೆ ಅಂಟಿಕೊಂಡಿದ್ದರೆ ಅದು ಹಳೇ ಪದರ, ಏನೂ ಮಾಡಬೇಡಿ. ಜಿಡ್ಡಾಗಿ ಬೆರಳಿಗೆ ಅಂಟಿದರೆ ಪಿವಿಸಿ ಪ್ಲಾಸ್ಟಿಕ್ ಕವರಿನ ಪ್ರಸಾದ. ಶುದ್ಧ ಅಸಿಟೋನ್‌ನಲ್ಲಿ, ಗಾಜಿನ ಬಟ್ಟಲಲ್ಲಿ, ಐದು ನಿಮಿಷ ಬಿಟ್ಟರೆ ಹೋಗುತ್ತೆ. ಆಮೇಲೆ ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ ತಾನಾಗೇ ಆರಲು ಬಿಡಿ, ಒರೆಸಬೇಡಿ. ನೇಲ್ ಪಾಲಿಶ್ ರಿಮೂವರ್ ಆಗಲ್ಲ, ಅದರಲ್ಲಿ ಬಣ್ಣ, ಎಣ್ಣೆ ಸೇರಿರುತ್ತೆ. ಕಿಟಕಿ ತೆರೆದಿಡಿ, ಒಲೆ ಹತ್ತಿರ ಮಾಡಬೇಡಿ.

ಮೂರನೇದು ತಿಳಿಹಸಿರು ಪುಡಿ, ಹಲ್ಲುಕಡ್ಡಿ ತಾಗಿಸಿದರೆ ಉದುರುತ್ತೆ, ಅಡಿಯಲ್ಲಿ ಗುಳಿ. ಇದು ಕ್ಲೋರೈಡ್‌ನಿಂದ ಬರೋ ಕಂಚಿನ ರೋಗ, ತೇವ ಸಿಕ್ಕರೆ ತಿನ್ನುತ್ತಲೇ ಹೋಗುತ್ತೆ. ಅಂಥದ್ದನ್ನ ಕೊಳ್ಳಬೇಡಿ. ಉಡುಪಿಯಂಥ ಉಪ್ಪುಗಾಳಿಯ ಊರಿಗಂತೂ ಒಯ್ಯಲೇಬೇಡಿ. ಉಳಿದವನ್ನ ಅಲ್ಲಿ ಇಡೋದಾದರೆ ಮೈಲಾರ್ ಕವರ್ (ಪಿವಿಸಿ ಇಲ್ಲದ ಪಾಲಿಯೆಸ್ಟರ್ ಪ್ಲಾಸ್ಟಿಕ್), ಗಾಳಿಯಾಡದ ಡಬ್ಬ, ಜೊತೆಗೆ ಸಿಲಿಕಾ ಜೆಲ್. ಜೆಲ್‌ನ ಬಣ್ಣ ತಿರುಗಿದ ಕೂಡಲೇ ಒಣಗಿಸಿ, ಮಳೆಗಾಲದಲ್ಲಿ ಆಗಾಗ ನೋಡ್ತಿರಿ.

ಹುಣಸೆ, ನಿಂಬೆ, ಬ್ರಾಸೋ ಮೂರೂ ಮೇಲ್ಪದರವನ್ನೇ ತಿಂದು ಗುಲಾಬಿ ತಾಮ್ರದ ಬಣ್ಣ ಬರಿಸುತ್ತವೆ. ಆಮೇಲೆ ಅದನ್ನ ಯಾರೂ ಮುಟ್ಟಲ್ಲ. 1944–46ರ ಪೆನ್ನಿ ಕಪ್ಪಗಿದ್ದರೆ ಅದು ಕೊಳೆಯೂ ಅಲ್ಲ. ಹೊಸ ಹೊಳಪಿನವನ್ನ ಜನ ಕೂಡಿಡ್ತಾರೆ ಅಂತ ಟಂಕಸಾಲೆಯವರೇ ಹೈಪೋ ಅನ್ನೋ ರಾಸಾಯನಿಕ ಹಾಕಿ ಕಪ್ಪು ಮಾಡಿದ್ದು.

ಹೊಸಕಾಸು:
ಮೂವರಿಗೂ ತುಂಬಾ ಥ್ಯಾಂಕ್ಸ್. ಒಂದೇ ಅನುಮಾನ: ಕೋಳಿ-ಮರಿ ಚಿತ್ರದ್ದು, ಕಾಂಗರೂ ಚಿತ್ರದ್ದು ಕೂಡ ಅದೇ ಅಳತೆಯಲ್ಲಿವೆ. ಅವು ನಕಲಿಯಾ?

ಕಂಚಿನಗಿಂಡಿ:
ಅಲ್ಲ. ಕೋಳಿಯದು ಐರ್ಲೆಂಡಿನ ಪೆನ್ನಿ, 1928ರಿಂದ ಬಂದದ್ದು. ಕಾಂಗರೂದು ಆಸ್ಟ್ರೇಲಿಯಾದ್ದು, 1938ರಿಂದ. ತೂಕ, ಅಳತೆ ಬ್ರಿಟಿಷ್ ಪೆನ್ನಿಯದೇ, ಅದಕ್ಕೇ ಬೆರೆತುಹೋಗಿವೆ. ಕಾಂಗರೂಗಳಲ್ಲಿ 1946 ಕಂಡರೆ ಮಾತ್ರ ಎತ್ತಿಕೊಳ್ಳಿ. ಜೇಬಲ್ಲಿ ಒಂದು ಚಿಕ್ಕ ಅಯಸ್ಕಾಂತ ಇರಲಿ, ಅಂಟಿದ ಯಾವ ಪೆನ್ನಿಯೂ ಕಂಚಿನದಲ್ಲ. ಬೇಡದ್ದನ್ನ ಅದೇ ಡಬ್ಬಕ್ಕೆ ಮತ್ತೆ ಸುರಿಬೇಡಿ, ನೋಡಿದ್ದನ್ನೇ ನೋಡ್ತಾ ಕೂರಬೇಕಾಗುತ್ತೆ. ಎರಡನೇ ತಟ್ಟೆ ಮೊದಲೇ ಕೇಳಿ ಇಟ್ಟುಕೊಳ್ಳಿ.