ಹಳೇ ಟಾಟಾ 407: ಬೆಳಿಗ್ಗೆ ಒಂದೇ ಸೆಲ್ಫಿಗೆ ಏಳ್ತದೆ, ಬಿಸಿ ಆದ್ಮೇಲೆ ಬರೀ ‘ಟಕ್ ಟಕ್’

ಆಲೆಮನೆ ಗಾಡಿ, ಪಾಂಡವಪುರ:

ಅಣ್ಣಂದಿರಾ, ತಲೆ ಕೆಟ್ಟೋಗಿದೆ. ಗಾಡಿ ಟಾಟಾ 407, 1998ರದ್ದು. ಕೇಬಲ್ ಎಳೆದು ಇಂಜಿನ್ ಆಫ್ ಮಾಡೋ ಹಳೇ ಮಾಡೆಲ್ಲು. ನಮ್ ಕಡೆ ಆಲೆಮನೆಗಳಿಂದ ಬೆಲ್ಲ ತುಂಬ್ಕೊಂಡು ಮಂಡ್ಯ ಎಪಿಎಂಸಿಗೆ ಹೊಡೀತೀನಿ.

ಬೆಳಿಗ್ಗೆ ಚಳೀಲೂ ಕೀ ತಿರುಗಿಸಿದ ತಕ್ಷಣ ಏಳ್ತದೆ. ಆಲೆಮನೆ ಹತ್ರ ಆಫ್ ಮಾಡಿ, ಬಕೆಟ್ ಬೆಲ್ಲ ಲೋಡ್ ಮಾಡಿ, ಟಾರ್ಪಾಲು ಕಟ್ಟಿ ಮತ್ತೆ ಕೀ ಕೊಟ್ರೆ ‘ಟಕ್ ಟಕ್ ಟಕ್’. ಇಂಜಿನ್ ಒಂದು ಸುತ್ತೂ ತಿರುಗಲ್ಲ. ಹಂಗೇ ಕೀ ಹೊಡೀತಾ ಇದ್ರೆ ಒಂದ್ಸಲ ತಟ್ಟಂತ ಎದ್ದುಬಿಡ್ತದೆ, ಒಂದ್ಸಲ ತಣ್ಣಗಾಗೋ ತನಕ ಕಾಯಬೇಕು. ಲೋಡ್ ಗಾಡಿ, ತಳ್ಳೋಕೂ ಆಗಲ್ಲ. ಆಗ ಹೆಡ್‌ಲೈಟ್ ಹಾಕಿ ನೋಡ್ದೆ, ಚೂರೂ ಮಂಕಾಗಲ್ಲ. ಹಾರ್ನೂ ಜೋರಾಗೇ ಹೊಡೀತದೆ.

ಬ್ಯಾಟರಿ ಹೊಸದು. ಮಂಡ್ಯದಲ್ಲಿ ಒಂದು ಅಂಗಡೀಲಿ ಸೆಲ್ಫ್ (ಇಂಜಿನ್ ತಿರುಗಿಸಿ ಎಬ್ಬಿಸೋ ಮೋಟಾರು) ಬಿಚ್ಚಿಸಿ ಕಾರ್ಬನ್ನು, ಬುಶ್ಶು ಹಾಕ್ಸಿದೆ. ಅವರು ಟೇಬಲ್ ಮೇಲೆ ತಿರುಗಿಸಿ ತೋರ್ಸಿದ್ರು, ಚೆನ್ನಾಗೇ ತಿರುಗ್ತು. ದೀಪಾವಳಿಗೆ ಮುಂಚೆ ಕ್ಲಚ್ ಪ್ಲೇಟೂ ಆಗಿದೆ. ಈಗ ‘ಸೆಲ್ಫೇ ಹೊಸದು ಹಾಕ್ಬಿಡಿ’ ಅಂತಾವ್ರೆ. ಅಷ್ಟು ದುಡ್ಡು ಸುರಿಯೋಕ್ ಮುಂಚೆ ಕೇಳಾಣ ಅಂತ ಬಂದೆ.

ಎಳನೀರು ಲೋಡು, ಮದ್ದೂರು:

ಬ್ಯಾಟರಿ ಟರ್ಮಿನಲ್ ಬಿಚ್ಚಿ ಬಿಸಿನೀರು ಹಾಕಿ ತೊಳ್ದು ವ್ಯಾಸಲೀನ್ ಸವರಿ, ಅರ್ಧ ರೋಗ ಅಲ್ಲೇ ವಾಸಿ. ಅರ್ಜೆಂಟ್ ಇದ್ರೆ ಕೆಳಗೆ ನುಗ್ಗಿ ಸೊಲನಾಯ್ಡ್‌ಗೆ (ಕೀ ಕೊಟ್ಟಾಗ ಸೆಲ್ಫಿಗೆ ಕರೆಂಟ್ ಬಿಡೋ ಸ್ವಿಚ್ಚು) ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡಿ, ಏಳ್ತದೆ. ನಾವೆಲ್ಲ ಅದೇ ಮಾಡೋದು.

ಟೆಸ್ಟ್ ಲ್ಯಾಂಪು, ಮೈಸೂರು:

ಮದ್ದೂರಿನವರೇ, ಆ ಸ್ಕ್ರೂಡ್ರೈವರ್ ವಿದ್ಯೆ ಯಾರಿಗೂ ಹೇಳಿಕೊಡಬೇಡಿ. ಸ್ಟಾಪ್ ಕೇಬಲ್ ಗಾಡೀಲಿ ಕೀಗೂ ಡೀಸೆಲ್‌ಗೂ ಸಂಬಂಧವೇ ಇಲ್ಲ. ಕೀ ಜೇಬಲ್ಲಿದ್ದರೂ ಇಂಜಿನ್ ಹತ್ತಿಕೊಳ್ಳುತ್ತೆ. ಗೇರಲ್ಲಿದ್ದರೆ ಕೆಳಗೆ ಮಲಗಿದವನ ಮೇಲೇ ಗಾಡಿ ಬರುತ್ತೆ. ನನ್ನ ಶೆಡ್ಡಲ್ಲಿ ಹುಡುಗರಿಗೆ ಮೊದಲ ದಿನ ಹೇಳೋ ಮಾತೇ ಇದು: ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಅಡ್ಡ ಕಲ್ಲು, ಆಮೇಲೆ ಮಿಕ್ಕಿದ್ದು.

ಪಾಂಡವಪುರದವರೇ, ನೀವು ಬರೆದದ್ದರಲ್ಲಿ ನನಗೆ ಬೇಕಾದ್ದು ಎರಡೇ ಮಾತು. ಲೈಟ್ ಮಂಕಾಗಲ್ಲ ಅಂದದ್ದು, ಕ್ಲಚ್ ಪ್ಲೇಟ್ ಹಾಕಿಸಿದೆ ಅಂದದ್ದು.

ಟಕ್ ಟಕ್ ಅಂದ ಕೂಡಲೇ ಎಲ್ಲರೂ ಬ್ಯಾಟರಿ ಅಂತಾರೆ. ಬ್ಯಾಟರಿ ಸೊರಗಿದ್ದರೆ ಲೈಟೂ ಜೊತೇಲೇ ಸಾಯುತ್ತೆ. ನಿಮ್ಮದರಲ್ಲಿ ಲೈಟ್ ಹಾಗೇ ಉರೀತಿದೆ, ಅಂದರೆ ಬ್ಯಾಟರಿ ಮೇಲೆ ಭಾರವೇ ಬೀಳ್ತಿಲ್ಲ. ಕರೆಂಟು ದಾರಿಯಲ್ಲೆಲ್ಲೋ ಸಿಕ್ಕಿಕೊಂಡಿದೆ.

ಎಲ್ಲಿ? ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು. ಇಂಜಿನ್ನು, ಗೇರ್‌ಬಾಕ್ಸು ಎರಡೂ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಲ್ಲಿ ಕರೆಂಟ್ ಹರಿಯಲ್ಲ. ಅದಕ್ಕೇ ಚಾಸಿಯಿಂದ ಅವಕ್ಕೆ ಹೆಣೆದ ತಾಮ್ರದ ಪಟ್ಟಿ ಒಂದು ಹಾಕಿರ್ತಾರೆ, ಅರ್ತ್ ಸ್ಟ್ರಾಪ್. ಸೆಲ್ಫಿನ ಕರೆಂಟು ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗೋ ದಾರಿ (ಅರ್ತ್) ಅದೇ. ಗೇರ್‌ಬಾಕ್ಸ್ ಇಳಿಸುವಾಗ ಅದನ್ನ ಬಿಚ್ಚಿರ್ತಾರೆ, ವಾಪಸ್ ಕಟ್ಟುವಾಗ ತುಕ್ಕು, ಬಣ್ಣ, ಗ್ರೀಸ್ ಮೇಲೇ ಬೋಲ್ಟ್ ಏರಿಸಿರ್ತಾರೆ. ಲೈಟು, ಹಾರ್ನು ಚಾಸಿಯಿಂದಲೇ ಅರ್ತ್ ತಗೊಳ್ಳೋದ್ರಿಂದ ಅವಕ್ಕೇನೂ ಗೊತ್ತಾಗಲ್ಲ. ಸೆಲ್ಫಿಗೆ ಮಾತ್ರ ಉಪವಾಸ. ಟೇಬಲ್ ಮೇಲೆ ಅದು ಚೆನ್ನಾಗಿ ತಿರುಗಿದ್ದೂ ಇದಕ್ಕೇ. ಅಲ್ಲಿ ಅರ್ತ್ ಅವರೇ ಕೊಟ್ಟಿದ್ದರು, ಇಂಜಿನ್ ಭಾರವೂ ಇರಲಿಲ್ಲ.

ಒಂದು ಪ್ರಶ್ನೆ. ಸ್ಟಾಪ್ ಕೇಬಲ್ ಎಳೆಯೋದು ಇತ್ತೀಚೆಗೆ ಬಿಗಿ ಆಗಿದೆಯಾ? ಇದಕ್ಕೆ ಉತ್ತರ ಕೊಡಿ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಈಗ ಅಳೆಯೋದು ಹೇಗೆ. ಮಲ್ಟಿಮೀಟರಲ್ಲಿ ಬೀಪ್ ಕೇಳಿ ‘ಅರ್ತ್ ಸರಿ ಇದೆ’ ಅನ್ನೋರನ್ನ ನಂಬಬೇಡಿ. ಪಟ್ಟೀಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತೆ. ಈ ಸೈಜಿನ ಡೀಸೆಲ್ ಇಂಜಿನ್ ತಿರುಗಿಸೋಕೆ ಸೆಲ್ಫ್ 300 ಆಂಪಿಯರ್ ಆಸುಪಾಸು ಎಳೆಯುತ್ತೆ. ಜಾಯಿಂಟಲ್ಲಿ 0.01 ಓಮ್ ತಡೆ ಇದ್ದರೆ ಸಾಕು, 3 ವೋಲ್ಟ್ ಅಲ್ಲೇ ಹೋಯ್ತು. ಆ 0.01 ಓಮ್ ನಿಮ್ಮ ಮೀಟರಿಗೆ ಕಾಣಲ್ಲ, 3 ವೋಲ್ಟ್ ಕಾಣುತ್ತೆ. ಹಾಗಾಗಿ ವೋಲ್ಟಲ್ಲೇ ನೋಡಬೇಕು. ಅದೂ ಗಾಡಿ ಕೈಕೊಟ್ಟ ಹೊತ್ತಲ್ಲಿ, ಒಬ್ಬರು ಕೀ ಹಿಡಿದಿರುವಾಗ. ಸರಿಯಾಗಿ ಏಳ್ತಿರೋ ಗಾಡೀನ ಅಳೆದು ಪ್ರಯೋಜನವಿಲ್ಲ.

ಮೊದಲು ಬ್ಯಾಟರಿಯ ಎರಡೂ ಸೀಸದ ಕಂಬಕ್ಕೆ ಮೀಟರ್ ಇಡಿ, ಕ್ಲಾಂಪ್ ಮೇಲಲ್ಲ. ಇಂಜಿನ್ ತಿರುಗುವಾಗಲೂ ಅದು 9.6 ವೋಲ್ಟಿಗಿಂತ ಕೆಳಗೆ ಹೋಗಬಾರದು. ಆಮೇಲೆ ಮೀಟರಿನ ಒಂದು ಮುಳ್ಳು ಮೈನಸ್ ಕಂಬಕ್ಕೆ, ಇನ್ನೊಂದು ಸೆಲ್ಫಿನ ಮೈಗೆ. 0.2 ವೋಲ್ಟ್ ಒಳಗಿದ್ದರೆ ಒಳ್ಳೇದು, 0.5 ದಾಟಿದರೆ ಕಳ್ಳ ಸಿಕ್ಕ. ಮೀಟರ್ ಇಲ್ಲವಾ? ದಪ್ಪದೊಂದು ಜಂಪರ್ ಕೇಬಲ್ ತಗೊಂಡು ಬ್ಯಾಟರಿ ಮೈನಸ್‌ನಿಂದ ನೇರ ಇಂಜಿನ್ ಬ್ಲಾಕಿನ ಬೋಳು ಕಬ್ಬಿಣಕ್ಕೆ ಕಚ್ಚಿಸಿ ಕೀ ಕೊಡಿ. ಎದ್ದರೆ ಬೇರೆ ಸಾಕ್ಷಿ ಬೇಡ.

ಕಬ್ಬಿನ ಲಾರಿ, ಮಂಡ್ಯ:

ಸ್ಟ್ರಾಪ್ ನೋಡ್ಲಿ, ಬೇಡ ಅನ್ನಲ್ಲ. ಆದ್ರೆ ನನ್ ಪ್ರಕಾರ ಸೊಲನಾಯ್ಡ್ ಒಳಗೆ ಕರೆಂಟ್ ಕೂಡಿಸೋ ತಾಮ್ರ ಸುಟ್ಟಿರ್ತದೆ. ಮೈಷುಗರ್ ಫ್ಯಾಕ್ಟರಿ ಮುಂದೆ ಲಾರಿ ಸಾಲಲ್ಲಿ ನಿಂತಾಗ ಎರಡು ಮಾರು ಮುಂದಕ್ಕೋಗೋಕೆ ಒಂದು ಸೆಲ್ಫು, ಮತ್ತೆ ಆಫು. ಹಂಗೇ ಮಾಡಿ ಮಾಡಿ ತಾಮ್ರ ತಿಂದೋಗಿದ್ದನ್ನ ಬೇಕಾದಷ್ಟು ನೋಡಿದೀನಿ.

ಇನ್ನೊಂದು, ಟಕ್ ಅನ್ನದೆ ‘ಕರ್ರ್’ ಅಂತ ಅರೆದ್ರೆ ಅದು ಸೆಲ್ಫ್ ಕಚ್ಚಿ ತಿರುಗಿಸೋ ಫ್ಲೈವೀಲ್ ರಿಂಗ್ ಹಲ್ಲು. ನಾಲ್ಕು ಸಿಲಿಂಡರ್ ಇಂಜಿನ್ ಆಫ್ ಆದಾಗ ಹೆಚ್ಚುಕಮ್ಮಿ ಎರಡೇ ಜಾಗದಲ್ಲಿ ಬಂದು ನಿಲ್ತದೆ, ಅಲ್ಲೇ ಹಲ್ಲು ಸವೀತದೆ. ಗೇರಿಗೆ ಹಾಕಿ ಗಾಡೀನ ಒಂದು ಗೇಣು ಅಲ್ಲಾಡ್ಸಿದ ಮೇಲೆ ಎದ್ರೆ ಅದೇ ಅಂತ ತಿಳ್ಕಳಿ.

ಟೆಸ್ಟ್ ಲ್ಯಾಂಪು, ಮೈಸೂರು:

ತಾಮ್ರ ಸುಟ್ಟರೆ ಸಾಮಾನ್ಯವಾಗಿ ಒಂದೇ ಒಂದು ದೊಡ್ಡ ‘ಟಕ್’, ಆಮೇಲೆ ಮೌನ. ಪ್ಲಂಜರ್ (ಸೊಲನಾಯ್ಡ್ ಒಳಗೆ ಓಡಾಡೋ ಕಬ್ಬಿಣದ ತುಂಡು) ಒಳಕ್ಕೆ ಹೋಗಿ ಅಲ್ಲೇ ಕೂತಿರುತ್ತೆ. ಇವರದ್ದು ಬಡ್ಕೊಳ್ತಿದೆ. ತಾಮ್ರ ಕೂಡಿದ ಕ್ಷಣ ಸೆಲ್ಫ್ ಎಳೆಯುತ್ತೆ, ಕೆಟ್ಟ ಅರ್ತಿಂದ ವೋಲ್ಟ್ ಕುಸಿಯುತ್ತೆ, ಪ್ಲಂಜರ್ ಬಿಡುತ್ತೆ, ಮತ್ತೆ ಹಿಡಿಯುತ್ತೆ. ಸಂಶಯ ಇದ್ದರೆ ಸೊಲನಾಯ್ಡಿನ ಎರಡು ದೊಡ್ಡ ಬೋಲ್ಟಿಗೆ ಮೀಟರ್ ಇಡಿ. ಟಕ್ ಅಂದಮೇಲೂ 12 ವೋಲ್ಟ್ ತೋರಿಸ್ತಾನೇ ಇದ್ದರೆ ನೀವು ಗೆದ್ರಿ.

ಎಳನೀರು ಲೋಡು, ಮದ್ದೂರು:

ನಂದು ಬೇರೆ ತರ ಅಣ್ಣ. ಸೆಲ್ಫ್ ಚೆನ್ನಾಗೇ ತಿರುಗ್ತದೆ, ಇಂಜಿನ್ ಹತ್ತಲ್ಲ. ಹತ್ತಿದ್ರೂ ಆಫ್ ಆಯ್ತದೆ. ರಾತ್ರಿ ನಿಂತು ಬೆಳಿಗ್ಗೆ ಮಾತ್ರ.

ಟೆಸ್ಟ್ ಲ್ಯಾಂಪು, ಮೈಸೂರು:

ಅದು ಕರೆಂಟಿನ ಕೆಲಸವೇ ಅಲ್ಲ, ಡೀಸೆಲ್ ಪೈಪಲ್ಲಿ ಏರ್ (ಗಾಳಿ) ಹಿಡೀತಿದೆ. ಡೀಸೆಲ್ ಹ್ಯಾಂಡ್ ಪಂಪ್ ಹೊಡೆದ ಮೇಲೆ ಎದ್ದರೆ ಖಾತ್ರಿ. ಟ್ಯಾಂಕಿಂದ ಡೀಸೆಲ್ ಎಳೆಯೋ ಫೀಡ್ ಪಂಪಿನ ತನಕ ಪೈಪು, ಪೈಪಿನ ತುದಿ ಹಿಡಿಯೋ ಬ್ಯಾಂಜೋ ಬೋಲ್ಟಿನ ತಾಮ್ರದ ವಾಶರ್ ನೋಡಿಸಿ. ಆ ಭಾಗದಲ್ಲಿ ಡೀಸೆಲ್ ಹೊರಗೆ ಸೋರದೇ ಗಾಳಿ ಮಾತ್ರ ಒಳಗೆ ಹೋಗಬಹುದು, ಒಣಗಿದೆ ಅಂತ ಬಿಡಬೇಡಿ.

ಆಲೆಮನೆ ಗಾಡಿ, ಪಾಂಡವಪುರ:

ಅಣ್ಣ, ಇವತ್ತು ಲೋಡ್ ಆದ್ಮೇಲೆ ಕೈಕೊಡ್ತು. ಆಲೆಮನೆ ಹುಡುಗನ್ನ ಕ್ಯಾಬಿನ್ನಲ್ಲಿ ಕೂರ್ಸಿ ಮೀಟರ್ ಹಿಡ್ದೆ. ಬ್ಯಾಟರೀಲಿ 12ರ ಮೇಲೇ ಇತ್ತು. ಮೈನಸ್‌ಗೂ ಸೆಲ್ಫ್ ಮೈಗೂ ಇಟ್ರೆ ಅಂಕಿ ನಿಲ್ತಾನೇ ಇಲ್ಲ, 7, 9, 6 ಅಂತ ಕುಣೀತು. ಅಲ್ಲೇ ಟ್ರ್ಯಾಕ್ಟರ್ ಇತ್ತು, ಅವರ ಜಂಪರ್ ಈಸ್ಕೊಂಡು ನೀವು ಹೇಳ್ದಂಗೆ ಕಚ್ಚಿಸ್ದೆ. ಕೀ ಮುಟ್ಟಿದ್ದೇ ತಡ, ಎದ್ಬಿಡ್ತು!

ಕೆಳಗೆ ನೋಡಿದ್ರೆ ಸ್ಟ್ರಾಪ್ ಇದೆ, ಆದ್ರೆ ಚಾಸಿ ಕಡೆ ಬೋಲ್ಟಿಗೆ ಸ್ಪ್ರಿಂಗ್ ವಾಶರೇ ಇಲ್ಲ, ಕೈಲೇ ತಿರುಗ್ತದೆ. ಅಡೀಲಿ ದಪ್ಪ ಕಪ್ಪು ಬಣ್ಣ. ಪಟ್ಟಿ ಅರ್ಧ ಎಳೆ ಹರಿದು ಹಸಿರು ತಿರುಗಿದೆ. ಹೊಸ ಪಟ್ಟಿ ತಂದು, ಎರಡೂ ಕಡೆ ಉಪ್ಪುಕಾಗದದಲ್ಲಿ ತಿಕ್ಕಿ ಬೆಳ್ಳಗೆ ಮಾಡಿ ಬಿಗಿದೆ. ಈಗ 0.15 ವೋಲ್ಟ್ ತೋರ್ಸ್ತದೆ.

ಮತ್ತೆ ಸ್ಟಾಪ್ ಕೇಬಲ್ಲು, ಹೌದಣ್ಣ! ಎಳೀಬೇಕಾದ್ರೆ ಜಗ್ಗಾಡಬೇಕು. ಎಣ್ಣೆ ಬಿಟ್ಟು ಸಾಕಾಗಿತ್ತು. ನಿಮಗೆಂಗೆ ಗೊತ್ತಾಯ್ತು?

ಒಂದು ಉಳ್ಕೊಂಡಿದೆ. ಮಧ್ಯಾಹ್ನ ಚೆನ್ನಾಗಿ ಕಾದಾಗ ಒಂದೊಂದ್ಸಲ ಸದ್ದೇ ಇಲ್ಲ. ಎರಡನೇ ಸಲಕ್ಕೆ ಏಳ್ತದೆ. ಸೊಲನಾಯ್ಡಿನ ಸಣ್ಣ ವೈರಲ್ಲಿ ನೋಡ್ದೆ, ಕೀ ಹಿಡಿದಾಗ 8.6 ವೋಲ್ಟ್.

ಟೆಸ್ಟ್ ಲ್ಯಾಂಪು, ಮೈಸೂರು:

ಸ್ಟ್ರಾಪ್ ಕೈಕೊಟ್ಟಾಗ ಸೆಲ್ಫಿನ ಕರೆಂಟು ಬೇರೆ ದಾರಿ ಹುಡುಕುತ್ತೆ. ಕ್ಯಾಬಿನ್ನಿಂದ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಹೋಗೋ ಕಬ್ಬಿಣ ಯಾವುದಿದೆ? ಸ್ಟಾಪ್ ಕೇಬಲ್ಲು, ಸ್ಪೀಡೋಮೀಟರ್ ಕೇಬಲ್ಲು. ಅವುಗಳ ಮೂಲಕ ಹರಿದು ಕಾದು, ಒಳಗಿನ ಪ್ಲಾಸ್ಟಿಕ್ ಕರಗಿ ತಂತಿಗೆ ಅಂಟಿಕೊಳ್ಳುತ್ತೆ. ಎಣ್ಣೆ ಬಿಟ್ಟರೆ ಏನಾಗುತ್ತೆ!

ಸಣ್ಣ ವೈರಿನ 8.6 ಕಡಿಮೆಯಾಯ್ತು. ಕರೆಂಟು ಕೀ ಸ್ವಿಚ್ಚಿನ ತನಕ ಬಂದು, ಅಲ್ಲಿ ಸವೆದ ಪಾಯಿಂಟ್ ದಾಟಿ, ಮತ್ತೆ ಕೆಳಗಿಳಿಯಬೇಕು. ಮೇಲಾಗಿ ತಾಮ್ರ ಒಂದು ಡಿಗ್ರಿ ಕಾದರೆ ತಡೆ 0.4 ಪರ್ಸೆಂಟ್ ಏರುತ್ತೆ. ಸೊಲನಾಯ್ಡಿನ ತಾಮ್ರದ ಕಾಯಿಲ್ 50 ಡಿಗ್ರಿ ಹೆಚ್ಚು ಕಾದಿದ್ದರೆ 20 ಪರ್ಸೆಂಟ್ ಆಯ್ತು, ಅದರಿಂದ ಎಳೆತವೂ ಇಳೀತು. ಬೆಳಿಗ್ಗೆ 8.6 ಸಾಕಾಗುತ್ತೆ, ಮಧ್ಯಾಹ್ನ ಸಾಕಾಗಲ್ಲ.

ಹೊಸ ಸೆಲ್ಫ್ ಬೇಡ. 12 ವೋಲ್ಟಿನ 70 ಆಂಪಿಯರ್ ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟ್ ಬಿಡೋ ಸ್ವಿಚ್ಚು) ಒಂದು ಹಾಕಿಸಿ. ಈಗಿರೋ ಸಣ್ಣ ವೈರ್ ರಿಲೇಯ 86 ನಂಬರ್ ಪಿನ್ನಿಗೆ, 85 ಅರ್ತಿಗೆ, ಸೆಲ್ಫಲ್ಲಿ ಬ್ಯಾಟರಿ ಕೇಬಲ್ ಬರೋ ದೊಡ್ಡ ಬೋಲ್ಟಿಂದ ಫ್ಯೂಸ್ ಹಾಕಿ ದಪ್ಪ ವೈರ್ 30ಕ್ಕೆ, 87ರಿಂದ ಸೊಲನಾಯ್ಡಿಗೆ. ರಿಲೇನ ಕ್ಯಾಬಿನ್ ಗೋಡೆಗೆ ಬಾಯಿ ಕೆಳಗೆ ಮಾಡಿ ಕಟ್ಟಿಸಿ, ನೀರು ನಿಲ್ಲಬಾರದು.

ಅದಕ್ಕೂ ಮುಂಚೆ ಸ್ಟಾಪ್ ಕೇಬಲ್ ಹೊಸದು ಹಾಕಿಸಿ, ನಾಳೆಯೇ. ಈ ಗಾಡೀಲಿ ಇಂಜಿನ್ ನಿಲ್ಲಿಸೋಕೆ ಇರೋದು ಅದೊಂದೇ. ಅದು ಅರ್ಧಕ್ಕೆ ಕಚ್ಚಿಕೊಂಡರೆ ಕೀ ತೆಗೆದರೂ ಇಂಜಿನ್ ಓಡ್ತಾನೇ ಇರುತ್ತೆ.