ಸಹಾಯ ಬೇಕು: ‘ಸಂಸ್ಕಾರ’ ಓದಿದವರ, ನೋಡಿದವರ ಅಭಿಪ್ರಾಯ

ಮಾನ್ಯರೇ, ಮಾಟುಂಗಾ, ಡೊಂಬಿವಲಿ ಕಡೆಯ ನಾವು ಕೆಲವು ಕನ್ನಡಿಗರು ಮುಂದಿನ ತಿಂಗಳು ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನೂ (1965) ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಅದೇ ಹೆಸರಿನ ಚಿತ್ರವನ್ನೂ (1970) ಜೊತೆಗಿಟ್ಟು ಚರ್ಚಿಸಲಿದ್ದೇವೆ. ನನ್ನ ಮಟ್ಟಿಗೆ, ಆಚಾರ ಬಿಟ್ಟು ಬದುಕಿ ಸತ್ತ ಬ್ರಾಹ್ಮಣ ನಾರಣಪ್ಪನ ಶವಸಂಸ್ಕಾರವಾಗದೆ ಯಾರೂ ಉಣ್ಣುವಂತಿಲ್ಲವೆಂದು ಅಗ್ರಹಾರವೇ ಹಸಿವಿನಿಂದ ಕಂಗೆಡುವ ಭಾಗವು ಓದುವಾಗಲೇ ಹೆಚ್ಚು ಕಾಡುತ್ತದೆ; ಆದರೆ ಚಿತ್ರದಲ್ಲಿ ಕಥಾನಾಯಕ ಪ್ರಾಣೇಶಾಚಾರ್ಯರ ಒಳತೋಟಿಯನ್ನು ಗಿರೀಶ ಕಾರ್ನಾಡರು ಮುಖದಲ್ಲೇ ತೋರಿಸಿದ ರೀತಿಯನ್ನು ಮರೆಯಲಾಗದು. ಎರಡನ್ನೂ ಬಲ್ಲವರು, ಯಾವುದು ನಿಮ್ಮನ್ನು ಹೆಚ್ಚು ತಟ್ಟಿತು, ಏಕೆ ಎಂಬುದನ್ನು ಬರೀ ಹೊಗಳಿಕೆಯಲ್ಲಿ ಮುಗಿಸದೆ, ಒಂದು ಸನ್ನಿವೇಶವನ್ನಾದರೂ ಹೆಸರಿಸಿ ತಿಳಿಸಬೇಕೆಂದು ವಿನಂತಿ.

ಮುಂಬಯಿಯಲ್ಲೇ ಹುಟ್ಟಿ ಬೆಳೆದು, ಕನ್ನಡ ಓದಲು ಈಗಷ್ಟೇ ಕಲಿತಿರುವ ಕಾಲೇಜು ಹುಡುಗ ಹುಡುಗಿಯರೂ ಬರಲಿದ್ದಾರೆ. ಅವರಿಗೆ ಹಾಸ್ಯ, ಪತ್ತೇದಾರಿ, ವಿಜ್ಞಾನ ಪ್ರಕಾರಗಳಲ್ಲಿ ಸರಳವಾಗಿ ಓದಿಸಿಕೊಳ್ಳುವ ಒಂದೊಂದು ಪುಸ್ತಕವನ್ನು ಸೂಚಿಸಿದರೆ ಬಹಳ ಉಪಕಾರವಾಗುತ್ತದೆ.